ಓಪನ್‌ಎಸ್‌ಎಸ್‌ಎಲ್ ಯೋಜನೆಯ ನಿರ್ವಹಣೆ

ಓಪನ್‌ಎಸ್‌ಎಸ್‌ಎಲ್ ಎಂಬುದು ಗಣಕಜಾಲದಲ್ಲಿ ಸಾಗುವ ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸಿ ರಕ್ಷಿಸಲು ಬಳಸಲಾಗುವ ಒಂದು ಮುಕ್ತ ಆಕರ ಟೂಲ್‌ಕಿಟ್ ಆಗಿದೆ. ಬಹುಪಾಲು ಸಿ ಭಾಷೆಯಲ್ಲಿ ಬರೆಯಲಾಗಿರುವ ಇದರಲ್ಲಿ ಎರಡು ಲೈಬ್ರರಿಗಳಿವೆ. ಗೂಢಲಿಪಿಯ ಗಣಿತವನ್ನು ನಿರ್ವಹಿಸುವುದು ಲಿಬ್‌ಕ್ರಿಪ್ಟೊ; ಎಸ್‌ಎಸ್‌ಎಲ್ ಹಾಗೂ ಅದರ ಉತ್ತರಾಧಿಕಾರಿಯಾದ ಟಿಎಲ್‌ಎಸ್ ಪ್ರೋಟೋಕಾಲ್‌ಗಳನ್ನು ನಡೆಸುವುದು ಲಿಬ್‌ಎಸ್‌ಎಸ್‌ಎಲ್. ಕೀಲಿಗಳನ್ನೂ ಪ್ರಮಾಣಪತ್ರಗಳನ್ನೂ ತಯಾರಿಸಲು ಪ್ರತ್ಯೇಕ ಆದೇಶಸಾಲಿನ ಉಪಕರಣವೊಂದಿದೆ. ಜಾಲತಾಣದ ವಿಳಾಸ ‘ಎಚ್‌ಟಿಟಿಪಿಎಸ್’ ಎಂದು ಆರಂಭವಾದಾಗ, ಸರ್ವರ್‌ನ ಬದಿಯಲ್ಲಿ ಆ ಕೊನೆಯ ‘ಎಸ್’ ಅಕ್ಷರದ ಹೊಣೆಯನ್ನು ಹೊರುವುದು ಅನೇಕ ವೇಳೆ ಇದೇ ತಂತ್ರಾಂಶ. ಅಪಾಚೆ ಮತ್ತು ಎಂಜಿನ್‌ಎಕ್ಸ್ ಜಾಲ ಸರ್ವರ್‌ಗಳು, ಮಿಂಚಂಚೆ ಸರ್ವರ್‌ಗಳು, ಲಿನಕ್ಸ್‌ನ ಬಹುತೇಕ ವಿತರಣೆಗಳು, ಪೈಥಾನ್‌ನಂತಹ ಪ್ರೋಗ್ರಾಮಿಂಗ್ ಭಾಷೆಗಳ ಗೂಢಲಿಪಿ ಸೌಲಭ್ಯಗಳು ಇದನ್ನು ಅವಲಂಬಿಸಿವೆ.

ಈ ಲೇಖನವು ಟೂಲ್‌ಕಿಟ್‌ನ ತಾಂತ್ರಿಕ ವಿವರಗಳಿಗಿಂತ ಹೆಚ್ಚಾಗಿ ಅದರ ನಿರ್ವಹಣೆಯ ಸ್ಥಿತಿಗತಿಯನ್ನು ಕುರಿತದ್ದಾಗಿದೆ. ಕೋಡನ್ನು ಯಾರು, ಎಷ್ಟು ಮಂದಿ, ಯಾರ ಹಣದಲ್ಲಿ ನೋಡಿಕೊಂಡರು, ಆ ವ್ಯವಸ್ಥೆ ಎಲ್ಲಿ ಮುರಿಯಿತು ಹಾಗೂ 2014ರ ನಂತರ ಹೇಗೆ ಬದಲಾಯಿತು ಎಂಬುದು ಇಲ್ಲಿನ ವಿಷಯ. ಮುಕ್ತ ಆಕರ ತಂತ್ರಾಂಶದ ಸುರಕ್ಷತೆಯನ್ನು ಕುರಿತ ಚರ್ಚೆಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಬಹಳವಾಗಿ ಉಲ್ಲೇಖಗೊಳ್ಳುವ ಉದಾಹರಣೆಯಾಗಿದೆ.

ಮೂಲ

ಆಸ್ಟ್ರೇಲಿಯಾದ ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ 1990ರ ದಶಕದ ಮಧ್ಯಭಾಗದಲ್ಲಿ ರಚಿಸಿದ ಎಸ್‌ಎಸ್‌ಎಲ್‌ಇಎವೈ ಎಂಬ ಲೈಬ್ರರಿಯೇ ಓಪನ್‌ಎಸ್‌ಎಸ್‌ಎಲ್‌ನ ಮೂಲ. ಹೆಸರಿನ ಕೊನೆಯ ಮೂರು ಅಕ್ಷರಗಳು ಎರಿಕ್ ಯಂಗ್ ಅವರ ಇನಿಶಿಯಲ್‌ಗಳಾಗಿವೆ. ಪ್ರಬಲ ಗೂಢಲಿಪಿ ತಂತ್ರಾಂಶದ ರಫ್ತನ್ನು ಅಮೆರಿಕ ಸಂಯುಕ್ತ ಸಂಸ್ಥಾನವು ಆ ಕಾಲದಲ್ಲಿ ಕಟ್ಟುನಿಟ್ಟಾಗಿ ನಿರ್ಬಂಧಿಸಿದ್ದುದರಿಂದ, ಅಮೆರಿಕದ ಹೊರಗೆ ಬರೆಯಲಾದ ಇಂತಹ ಕೋಡಿಗೆ ವಿಶೇಷ ಮಹತ್ವವಿತ್ತು. 1998ರ ಕೊನೆಯಲ್ಲಿ ಯಂಗ್ ಮತ್ತು ಹಡ್ಸನ್ ಇಬ್ಬರೂ ಆರ್‌ಎಸ್‌ಎ ಸೆಕ್ಯೂರಿಟಿ ಕಂಪನಿಯನ್ನು ಸೇರಿದ ಮೇಲೆ ಎಸ್‌ಎಸ್‌ಎಲ್‌ಇಎವೈಯ ಬೆಳವಣಿಗೆ ನಿಂತುಹೋಯಿತು. ಅದನ್ನು ಬಳಸುತ್ತಿದ್ದ ಕೆಲವರು ಒಟ್ಟುಗೂಡಿ ಕೋಡನ್ನು ಮುಂದುವರಿಸಲು ನಿರ್ಧರಿಸಿದರು. ಮಾರ್ಕ್ ಕಾಕ್ಸ್, ರಾಲ್ಫ್ ಎಂಗೆಲ್‌ಶಾಲ್, ಸ್ಟೀಫನ್ ಹೆನ್ಸನ್, ಬೆನ್ ಲಾರಿ ಮತ್ತು ಪಾಲ್ ಸಟನ್ ಈ ತಂಡದ ಆರಂಭಿಕ ಸದಸ್ಯರು. ಓಪನ್‌ಎಸ್‌ಎಸ್‌ಎಲ್‌ನ ಮೊದಲ ಆವೃತ್ತಿ 0.9.1ಸಿ, 1998ರ ಡಿಸೆಂಬರ್ 23ರಂದು ಬಿಡುಗಡೆಯಾಯಿತು.

ಅಂದರೆ ಈ ಯೋಜನೆಯು ಹುಟ್ಟಿದ್ದೇ ನಿರ್ವಾಹಕರಿಲ್ಲದೆ ಉಳಿದ ಕೋಡನ್ನು ಎತ್ತಿಕೊಂಡು ಸಾಕುವ ಕೆಲಸವಾಗಿ. ಮೂಲ ಲೇಖಕರ ಬರವಣಿಗೆಯ ರೂಢಿಗಳು, ಹಳೆಯ ಗಣಕಗಳಿಗಾಗಿ ಮಾಡಿಕೊಂಡ ಹೊಂದಾಣಿಕೆಗಳು, ದಾಖಲಾಗದ ಒಳವಿವರಗಳು ಎಲ್ಲವೂ ಹೊಸ ತಂಡಕ್ಕೆ ಬಳುವಳಿಯಾಗಿ ಬಂದವು.

2014ಕ್ಕೆ ಮುಂಚಿನ ಸ್ಥಿತಿ

ಮುಂದಿನ ಹದಿನೈದು ವರ್ಷಗಳಲ್ಲಿ ಅಂತರಜಾಲದ ವ್ಯಾಪಾರ, ಬ್ಯಾಂಕಿಂಗ್ ಹಾಗೂ ಸರ್ಕಾರಿ ಸೇವೆಗಳು ಬೆಳೆದಂತೆ ಓಪನ್‌ಎಸ್‌ಎಸ್‌ಎಲ್‌ನ ಬಳಕೆಯೂ ಬೆಳೆಯಿತು. ತಂಡ ಮಾತ್ರ ಬೆಳೆಯಲಿಲ್ಲ. ಕೆಲಸ ಮಾಡುತ್ತಿದ್ದ ಬೆರಳೆಣಿಕೆಯ ಸದಸ್ಯರಲ್ಲಿ ಹೆಚ್ಚಿನವರು ಬೇರೆ ಉದ್ಯೋಗದಲ್ಲಿದ್ದುಕೊಂಡು ಬಿಡುವಿನ ವೇಳೆಯಲ್ಲಿ ಕೋಡ್ ನೋಡುತ್ತಿದ್ದರು. ಪೂರ್ಣಾವಧಿ ಈ ಕೆಲಸಕ್ಕೇ ಮೀಸಲಾಗಿದ್ದವರು ಇಂಗ್ಲೆಂಡಿನ ಸ್ಟೀಫನ್ ಹೆನ್ಸನ್ ಒಬ್ಬರೇ. ಹಣಕಾಸಿನ ವ್ಯವಹಾರಕ್ಕಾಗಿ ಅಮೆರಿಕದಲ್ಲಿ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಸಂಸ್ಥೆಯಿತ್ತು. ಅದನ್ನು ಸ್ಟೀವ್ ಮಾರ್ಕ್ವೆಸ್ ನಡೆಸುತ್ತಿದ್ದರು. ಅಂತರಜಾಲವನ್ನು ಕಾಯುತ್ತಿರುವುದು ‘ಇಬ್ಬರು ಸ್ಟೀವ್‌ಗಳು’ ಎಂದು ಪತ್ರಿಕೆಗಳು ನಂತರ ಬರೆದದ್ದು ಇದೇ ಕಾರಣದಿಂದ.

ಮಾರ್ಕ್ವೆಸ್ ಬಹಿರಂಗಪಡಿಸಿದ ಪ್ರಕಾರ ಸಂಸ್ಥೆಗೆ ದೇಣಿಗೆಯಾಗಿ ಬರುತ್ತಿದ್ದುದು ವರ್ಷಕ್ಕೆ ಸುಮಾರು 2,000 ಡಾಲರ್. ಉಳಿದ ಆದಾಯ ಗುತ್ತಿಗೆ ಕೆಲಸಗಳಿಂದ ಬರುತ್ತಿತ್ತು ಮತ್ತು ಅದು ಯಾವ ವರ್ಷವೂ ಹತ್ತು ಲಕ್ಷ ಡಾಲರ್ ಮುಟ್ಟಿರಲಿಲ್ಲ. ಅಮೆರಿಕದ ಸರ್ಕಾರಿ ಕಚೇರಿಗಳು ಖರೀದಿಸುವ ಗೂಢಲಿಪಿ ತಂತ್ರಾಂಶಕ್ಕೆ ಎಫ್‌ಐಪಿಎಸ್ 140 ಎಂಬ ಮಾನದಂಡದ ಪ್ರಮಾಣೀಕರಣ ಬೇಕಾಗುತ್ತದೆ. ಈ ಪ್ರಮಾಣೀಕರಣಕ್ಕೆ ಸಂಬಂಧಿಸಿದ ಕೆಲಸವು ಗುತ್ತಿಗೆಗಳಲ್ಲಿ ಪ್ರಮುಖವಾಗಿತ್ತು. ಹಣ ಕೊಡುವವರು ತಮಗೆ ಬೇಕಾದ ಹೊಸ ಸೌಲಭ್ಯಕ್ಕೆ ಅಥವಾ ಪ್ರಮಾಣಪತ್ರಕ್ಕೆ ಹಣ ಕೊಡುತ್ತಿದ್ದರೇ ಹೊರತು, ಹಳೆಯ ಕೋಡನ್ನು ಕುಳಿತು ಓದಿ ಸರಿಪಡಿಸುವುದಕ್ಕಲ್ಲ. ನಿರ್ವಹಣೆಯ ಕೊರತೆಗೆ ಬಡತನದಷ್ಟೇ ಈ ವ್ಯವಸ್ಥೆಯೂ ಕಾರಣವೆಂದು ಹೇಳಬಹುದು.

ಇದರ ಪರಿಣಾಮ ಹೊರಗಿನವರಿಗೂ ಕಾಣುತ್ತಿತ್ತು. ಬಿಡುಗಡೆಗೆ ಪ್ರಕಟಿತ ವೇಳಾಪಟ್ಟಿ ಇರಲಿಲ್ಲ. ಯಾವ ಆವೃತ್ತಿಗೆ ಎಲ್ಲಿಯವರೆಗೆ ಬೆಂಬಲ ಎಂಬ ನೀತಿಯಿರಲಿಲ್ಲ. ಬಳಕೆದಾರರು ಕಳುಹಿಸಿದ ದೋಷ ವರದಿಗಳು ವರ್ಷಗಟ್ಟಲೆ ಉತ್ತರವಿಲ್ಲದೆ ಉಳಿಯುತ್ತಿದ್ದವು. ಕೋಡಿನ ಶೈಲಿ ಓದಲು ಕಷ್ಟವೆಂಬ ದೂರು ವ್ಯಾಪಕವಾಗಿತ್ತು.

ಡೆಬಿಯನ್ ಪ್ರಕರಣ

ಈ ಪರಿಸ್ಥಿತಿಯ ಅಪಾಯವನ್ನು ಮೊದಲು ತೋರಿಸಿದ್ದು 2008ರ ಡೆಬಿಯನ್ ಪ್ರಕರಣ. ಮೆಮೊರಿ ದೋಷಗಳನ್ನು ಪತ್ತೆಹಚ್ಚುವ ವ್ಯಾಲ್‌ಗ್ರೈಂಡ್ ಎಂಬ ಉಪಕರಣವು ಓಪನ್‌ಎಸ್‌ಎಸ್‌ಎಲ್‌ನ ಎರಡು ಸಾಲುಗಳ ಬಗ್ಗೆ ಎಚ್ಚರಿಕೆ ನೀಡುತ್ತಿತ್ತು. ಡೆಬಿಯನ್ ಲಿನಕ್ಸ್‌ನಲ್ಲಿ ಈ ಪ್ಯಾಕೇಜನ್ನು ನೋಡಿಕೊಳ್ಳುತ್ತಿದ್ದವರು, ಆ ಸಾಲುಗಳನ್ನು ತೆಗೆಯಬಹುದೇ ಎಂದು ಓಪನ್‌ಎಸ್‌ಎಸ್‌ಎಲ್ ಅಭಿವರ್ಧಕರ ಚರ್ಚಾಕೂಟದಲ್ಲಿ ಕೇಳಿ, ಸ್ಪಷ್ಟ ವಿರೋಧ ಬಾರದಿದ್ದುದರಿಂದ 2006ರಲ್ಲಿ ತೆಗೆದರು. ಅವುಗಳಲ್ಲಿ ಒಂದು ಸಾಲು ಯಾದೃಚ್ಛಿಕ ಸಂಖ್ಯೆಗಳ ಉತ್ಪಾದಕಕ್ಕೆ ಅನಿರೀಕ್ಷಿತತೆಯನ್ನು ಸೇರಿಸುವ ಸಾಲಾಗಿತ್ತು. ಅದು ಹೋದ ಮೇಲೆ ಉಳಿದ ಏಕೈಕ ಬದಲಾಗುವ ಅಂಶವೆಂದರೆ ಪ್ರಕ್ರಿಯೆಯ ಗುರುತುಸಂಖ್ಯೆ. ಅದರ ಸಾಧ್ಯ ಬೆಲೆಗಳು ಹೆಚ್ಚೆಂದರೆ 32,768. ಊಹಿಸಲು ಅಸಾಧ್ಯವಾಗಿರಬೇಕಾದ ಕೀಲಿಗಳನ್ನು ಪಟ್ಟಿ ಮಾಡಿಟ್ಟುಕೊಂಡು ಒಂದೊಂದಾಗಿ ಪ್ರಯತ್ನಿಸುವುದು ಸಾಧ್ಯವಾಯಿತು. 2008ರ ಮೇ 13ರಂದು ದೋಷ ಬಹಿರಂಗವಾದಾಗ ಡೆಬಿಯನ್ ಮತ್ತು ಅದನ್ನು ಆಧರಿಸಿದ ಉಬುಂಟು ಬಳಕೆದಾರರು ಎರಡು ವರ್ಷಗಳ ಅವಧಿಯಲ್ಲಿ ತಯಾರಿಸಿದ ಕೀಲಿಗಳನ್ನು ಬದಲಿಸಬೇಕಾಯಿತು.

ತಪ್ಪು ಮಾಡಿದ್ದು ಡೆಬಿಯನ್. ಆದರೆ ಕೇಳಿದ ಪ್ರಶ್ನೆಗೆ ಅಧಿಕೃತ ಉತ್ತರ ಕೊಡಬೇಕಾದವರು ಯಾರು, ಎಲ್ಲಿ ಕೇಳಬೇಕು ಎಂಬುದೇ ಸ್ಪಷ್ಟವಿಲ್ಲದಿದ್ದುದು ಓಪನ್‌ಎಸ್‌ಎಸ್‌ಎಲ್‌ನ ಕೊರತೆಯಾಗಿತ್ತು. ಆ ಸಾಲುಗಳು ಏಕಿವೆ ಎಂದು ತಿಳಿಸುವ ಒಂದು ಟಿಪ್ಪಣಿ ಕೋಡಿನಲ್ಲಿದ್ದಿದ್ದರೂ ಅನಾಹುತ ತಪ್ಪುವ ಸಾಧ್ಯತೆಯಿತ್ತು.

ಹಾರ್ಟ್‌ಬ್ಲೀಡ್

2014ರ ಏಪ್ರಿಲ್ 7ರಂದು ಪ್ರಕಟವಾದ ಹಾರ್ಟ್‌ಬ್ಲೀಡ್ ದೋಷವು (ಸಿವಿಇ-2014-0160) ಯೋಜನೆಯ ಇತಿಹಾಸವನ್ನು ಎರಡಾಗಿ ವಿಭಜಿಸುತ್ತದೆ. ಗೂಗಲ್‌ನ ನೀಲ್ ಮೆಹ್ತಾ ಹಾಗೂ ಫಿನ್ಲೆಂಡಿನ ಕೋಡೆನೊಮಿಕಾನ್ ಕಂಪನಿಯ ತಂತ್ರಜ್ಞರು ಇದನ್ನು ಪ್ರತ್ಯೇಕವಾಗಿ ಪತ್ತೆಹಚ್ಚಿದರು. ರಕ್ತ ತೊಟ್ಟಿಕ್ಕುವ ಹೃದಯದ ಲಾಂಛನವನ್ನೂ ಹೆಸರನ್ನೂ ಕೊಟ್ಟವರು ಕೋಡೆನೊಮಿಕಾನ್‌ನವರು.

ಟಿಎಲ್‌ಎಸ್ ಸಂಪರ್ಕವು ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ‘ಹಾರ್ಟ್‌ಬೀಟ್’ ಎಂಬ ವಿಸ್ತರಣೆಯಿದೆ. ಒಂದು ಬದಿಯ ಗಣಕವು ಚಿಕ್ಕ ಸಂದೇಶವೊಂದನ್ನೂ ಅದರ ಉದ್ದವನ್ನೂ ಕಳುಹಿಸುತ್ತದೆ. ಇನ್ನೊಂದು ಬದಿಯ ಗಣಕವು ಅದೇ ಸಂದೇಶವನ್ನು ಹಿಂದಿರುಗಿಸುತ್ತದೆ. ಓಪನ್‌ಎಸ್‌ಎಸ್‌ಎಲ್‌ನ ಕೋಡ್, ಕಳುಹಿಸಿದವರು ಹೇಳಿದ ಉದ್ದವನ್ನು ನಿಜವಾಗಿ ಬಂದ ಸಂದೇಶದ ಉದ್ದದೊಂದಿಗೆ ಹೋಲಿಸುತ್ತಿರಲಿಲ್ಲ. ‘ಮರ’ ಎಂಬ ಪುಟ್ಟ ಪದವನ್ನು ಕಳುಹಿಸಿ ‘ಇದರ ಉದ್ದ ಅರವತ್ತು ಸಾವಿರ ಅಕ್ಷರ’ ಎಂದು ಸುಳ್ಳು ಹೇಳಿದರೆ, ಸರ್ವರ್ ಆ ಪದದೊಂದಿಗೆ ತನ್ನ ಮೆಮೊರಿಯಲ್ಲಿ ಅದರ ಪಕ್ಕಕ್ಕಿದ್ದುದನ್ನೂ ಎತ್ತಿ ಕೊಡುತ್ತಿತ್ತು. ಪ್ರತಿ ಸಲ 64 ಕಿಲೋಬೈಟ್‌ವರೆಗೆ ಹೀಗೆ ಪಡೆಯಬಹುದಾಗಿತ್ತು. ಅದರಲ್ಲಿ ಬಳಕೆದಾರರ ಪಾಸ್‌ವರ್ಡ್ ಇರಬಹುದು, ಸರ್ವರ್‌ನ ಖಾಸಗಿ ಕೀಲಿಯೇ ಇರಬಹುದು. ಸಾಮಾನ್ಯ ಸರ್ವರ್ ದಾಖಲೆಗಳಲ್ಲಿ ಇದರ ಗುರುತು ಉಳಿಯುತ್ತಿರಲಿಲ್ಲ.

ಈ ಕೋಡನ್ನು ಕೊಡುಗೆಯಾಗಿ ನೀಡಿದವರು ಹಾರ್ಟ್‌ಬೀಟ್ ವಿಸ್ತರಣೆಯ ಮಾನದಂಡವನ್ನು ಬರೆಯುವಲ್ಲಿಯೂ ಪಾಲ್ಗೊಂಡಿದ್ದ ಜರ್ಮನಿಯ ಒಬ್ಬ ಸಂಶೋಧನಾ ವಿದ್ಯಾರ್ಥಿ. ತಂಡದ ಸದಸ್ಯರೊಬ್ಬರು ಪರಿಶೀಲಿಸಿ, 2011ರ ಡಿಸೆಂಬರ್ 31ರ ರಾತ್ರಿ ಅದನ್ನು ಸೇರಿಸಿದರು. ಇಬ್ಬರ ಕಣ್ಣಿಗೂ ತಪ್ಪು ಬೀಳಲಿಲ್ಲ. 2012ರ ಮಾರ್ಚ್ 14ರಂದು ಬಿಡುಗಡೆಯಾದ 1.0.1 ಆವೃತ್ತಿಯೊಂದಿಗೆ ಅದು ಜಗತ್ತಿಗೆ ಹರಡಿತು. ಟಿಎಲ್‌ಎಸ್ 1.2ರ ಬೆಂಬಲವನ್ನು ತಂದ ಆವೃತ್ತಿಯೂ ಇದೇ ಆಗಿತ್ತು. ಹೀಗಾಗಿ ಉತ್ತಮ ಸುರಕ್ಷತೆಗಾಗಿ ಹೊಸ ಆವೃತ್ತಿಗೆ ಬಂದವರು ಅಪಾಯಕ್ಕೊಳಗಾದರು, ಹಳೆಯ 0.9.8ರಲ್ಲಿ ಉಳಿದುಕೊಂಡಿದ್ದವರಿಗೆ ಈ ದೋಷ ತಟ್ಟಲಿಲ್ಲ.

ಪರಿಹಾರವನ್ನು ಒಳಗೊಂಡ 1.0.1ಜಿ ಆವೃತ್ತಿಯನ್ನು ದೋಷ ಪ್ರಕಟವಾದ ದಿನವೇ ಬಿಡುಗಡೆ ಮಾಡಲಾಯಿತು. ಆದರೆ ಪರಿಹಾರವೆಂದರೆ ತಂತ್ರಾಂಶದ ಬದಲಾವಣೆಯಷ್ಟೇ ಆಗಿರಲಿಲ್ಲ. ಹಳೆಯ ಪ್ರಮಾಣಪತ್ರಗಳನ್ನು ರದ್ದುಗೊಳಿಸಿ ಹೊಸವನ್ನು ಪಡೆಯಬೇಕಿತ್ತು. ಬಳಕೆದಾರರು ಪಾಸ್‌ವರ್ಡ್ ಬದಲಿಸಬೇಕಿತ್ತು. ನೆಟ್‌ಕ್ರಾಫ್ಟ್ ಸಂಸ್ಥೆಯ ಅಂದಿನ ಸಮೀಕ್ಷೆಯಂತೆ ಟಿಎಲ್‌ಎಸ್ ಬಳಸುವ ಜಾಲತಾಣಗಳಲ್ಲಿ ಶೇಕಡಾ 17.5ರಷ್ಟು, ಎಂದರೆ ಸುಮಾರು ಐದು ಲಕ್ಷ ಜಾಲತಾಣಗಳು ದೋಷಕ್ಕೆ ತೆರೆದುಕೊಂಡಿದ್ದವು. ಕೆನಡಾದ ಕಂದಾಯ ಸಂಸ್ಥೆಯಿಂದ ಸುಮಾರು 900 ತೆರಿಗೆದಾರರ ಸಾಮಾಜಿಕ ವಿಮಾ ಸಂಖ್ಯೆಗಳು ಕಳುವಾದವು. ತೆರಿಗೆ ಸಲ್ಲಿಕೆಯ ಋತುವಿನಲ್ಲೇ ಅದು ತನ್ನ ಆನ್‌ಲೈನ್ ಸೇವೆಗಳನ್ನು ಕೆಲವು ದಿನ ಮುಚ್ಚಬೇಕಾಯಿತು.

ಸಾಕಷ್ಟು ಕಣ್ಣುಗಳು ನೋಡಿದರೆ ಯಾವ ದೋಷವೂ ಅಡಗಿರಲಾರದು ಎಂಬ ಮುಕ್ತ ಆಕರ ವಲಯದ ಪ್ರಸಿದ್ಧ ನಂಬಿಕೆಗೆ ಹಾರ್ಟ್‌ಬ್ಲೀಡ್ ದೊಡ್ಡ ಪ್ರಶ್ನೆಯಾಯಿತು. ಕೋಡ್ ಎರಡು ವರ್ಷಗಳಿಂದ ಎಲ್ಲರಿಗೂ ತೆರೆದಿತ್ತು. ತೆರೆದಿದ್ದ ಮಾತ್ರಕ್ಕೆ ಯಾರಾದರೂ ಓದುತ್ತಿದ್ದಾರೆ ಎಂದು ಪ್ರತಿಯೊಬ್ಬರೂ ಭಾವಿಸಿದ್ದರು. ಓದಲು ಆರಂಭಿಸಿದ ಮೇಲೆ ದೋಷಗಳು ಸಿಕ್ಕವು: 2014ರ ಜೂನ್ 5ರಂದು ಪ್ರಕಟವಾದ ಸಿವಿಇ-2014-0224 ದೋಷವು ಓಪನ್‌ಎಸ್‌ಎಸ್‌ಎಲ್‌ನ ಮೊದಲ ಬಿಡುಗಡೆಯಿಂದಲೂ, ಎಂದರೆ ಸುಮಾರು ಹದಿನಾರು ವರ್ಷ, ಯಾರ ಗಮನಕ್ಕೂ ಬಾರದೆ ಕುಳಿತಿತ್ತು. ಇದನ್ನು ಕಂಡುಹಿಡಿದವರು ಜಪಾನಿನ ಮಸಾಶಿ ಕಿಕುಚಿ.

ಹಣದ ಪ್ರಶ್ನೆ

ಹಾರ್ಟ್‌ಬ್ಲೀಡ್‌ನ ಮೊದಲ ವಾರದಲ್ಲಿ ಯೋಜನೆಗೆ ಸುಮಾರು 9,000 ಡಾಲರ್ ದೇಣಿಗೆ ಬಂದಿತು. ಇದರಲ್ಲಿ ಹೆಚ್ಚಿನವು ಬೇರೆ ಬೇರೆ ದೇಶಗಳ ವ್ಯಕ್ತಿಗಳು ಕಳುಹಿಸಿದ ಸಣ್ಣ ಮೊತ್ತಗಳು. ಟೂಲ್‌ಕಿಟ್‌ನ ಮೇಲೆ ವ್ಯವಹಾರವನ್ನೇ ಕಟ್ಟಿಕೊಂಡಿದ್ದ ದೊಡ್ಡ ಕಂಪನಿಗಳು ಆ ಪಟ್ಟಿಯಲ್ಲಿ ಕಾಣಲಿಲ್ಲವೆಂದು ಮಾರ್ಕ್ವೆಸ್ ಬಹಿರಂಗವಾಗಿ ಬರೆದರು. ಕನಿಷ್ಠ ಆರು ಮಂದಿ ಪೂರ್ಣಾವಧಿ ಕೆಲಸಗಾರರು ಬೇಕಾದ ಕಡೆ ಒಬ್ಬರೇ ಇದ್ದಾರೆ ಎಂಬುದು ಅವರ ಲೆಕ್ಕಾಚಾರ.

2014ರ ಏಪ್ರಿಲ್ 24ರಂದು ಲಿನಕ್ಸ್ ಫೌಂಡೇಶನ್ ‘ಕೋರ್ ಇನ್‌ಫ್ರಾಸ್ಟ್ರಕ್ಚರ್ ಇನಿಶಿಯೇಟಿವ್’ ಎಂಬ ನಿಧಿಯನ್ನು ಘೋಷಿಸಿತು. ಅಮೆಜಾನ್ ವೆಬ್ ಸರ್ವಿಸಸ್, ಸಿಸ್ಕೊ, ಡೆಲ್, ಫೇಸ್‌ಬುಕ್, ಗೂಗಲ್, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳು ತಲಾ ವರ್ಷಕ್ಕೆ ಒಂದು ಲಕ್ಷ ಡಾಲರಿನಂತೆ ಮೂರು ವರ್ಷ ಕೊಡಲು ಒಪ್ಪಿದವು. ಅದೇ ವರ್ಷದ ಮೇ ತಿಂಗಳಿನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಇಬ್ಬರು ಅಭಿವರ್ಧಕರಿಗೆ ಪೂರ್ಣಾವಧಿ ವೇತನ ಮಂಜೂರಾಯಿತು. ಆ ಕಂಪನಿಗಳ ಆದಾಯಕ್ಕೆ ಹೋಲಿಸಿದರೆ ಈ ಮೊತ್ತ ಗಮನಕ್ಕೆ ಬಾರದಷ್ಟು ಚಿಕ್ಕದು. ಯೋಜನೆಗೆ ಮಾತ್ರ ಅದು ಹಿಂದೆಂದೂ ಕಾಣದ ನೆರವಾಗಿತ್ತು. ಚೀನಾದ ಮೊಬೈಲ್ ತಯಾರಕ ಸ್ಮಾರ್ಟಿಸಾನ್ ಕೂಡ ಅದೇ ವರ್ಷ ದೊಡ್ಡ ದೇಣಿಗೆ ನೀಡಿತು.

ನದಿಯಾ ಎಗ್ಬಾಲ್ ಅವರು ಫೋರ್ಡ್ ಫೌಂಡೇಶನ್‌ಗಾಗಿ ಬರೆದ 2016ರ ‘ರೋಡ್ಸ್ ಅಂಡ್ ಬ್ರಿಡ್ಜಸ್’ ವರದಿಯು ಓಪನ್‌ಎಸ್‌ಎಸ್‌ಎಲ್ ಪ್ರಕರಣವನ್ನು ಚರ್ಚಿಸಿ, ಇಂತಹ ತಂತ್ರಾಂಶವನ್ನು ರಸ್ತೆ ಸೇತುವೆಗಳಂತೆ ಸಾರ್ವಜನಿಕ ಮೂಲಸೌಕರ್ಯವೆಂದು ಕಾಣಬೇಕೆಂದು ವಾದಿಸಿತು.

ಕವಲುಗಳು

ಓಪನ್‌ಎಸ್‌ಎಸ್‌ಎಲ್ ಸುಧಾರಿಸಲಾರದು ಎಂದು ತೀರ್ಮಾನಿಸಿದವರೂ ಇದ್ದರು. ಓಪನ್‌ಬಿಎಸ್‌ಡಿ ಕಾರ್ಯಾಚರಣಾ ವ್ಯವಸ್ಥೆಯ ಅಭಿವರ್ಧಕರು 2014ರ ಏಪ್ರಿಲ್‌ನಲ್ಲಿಯೇ ಕೋಡನ್ನು ಕವಲಾಗಿಸಿ ಲಿಬ್ರೆಎಸ್‌ಎಸ್‌ಎಲ್ ಆರಂಭಿಸಿದರು. ಮೊದಲ ವಾರದಲ್ಲೇ ಅವರು ಸುಮಾರು 90,000 ಸಾಲು ಕೋಡನ್ನು ಅಳಿಸಿಹಾಕಿದರು. ಬಳಕೆಯಲ್ಲಿಲ್ಲದ ಗಣಕಗಳಿಗಾಗಿ ಉಳಿಸಿಕೊಂಡಿದ್ದ ಭಾಗಗಳು ಇದರಲ್ಲಿ ಸೇರಿದ್ದವು. ಓಪನ್‌ಎಸ್‌ಎಸ್‌ಎಲ್ ತನ್ನದೇ ಮೆಮೊರಿ ಹಂಚಿಕೆಯ ವ್ಯವಸ್ಥೆಯನ್ನು ಇಟ್ಟುಕೊಂಡಿದ್ದುದರಿಂದ, ಕಾರ್ಯಾಚರಣಾ ವ್ಯವಸ್ಥೆಗಳಲ್ಲಿದ್ದ ರಕ್ಷಣಾ ತಂತ್ರಗಳು ದೋಷಗಳನ್ನು ಹಿಡಿಯಲಾಗುತ್ತಿರಲಿಲ್ಲ ಎಂಬುದು ಅವರ ಮುಖ್ಯ ಆಕ್ಷೇಪಗಳಲ್ಲೊಂದು. ಗೂಗಲ್ ಅದೇ ವರ್ಷದ ಜೂನ್‌ನಲ್ಲಿ ತನ್ನ ಸ್ವಂತ ಬಳಕೆಗಾಗಿ ಬೋರಿಂಗ್‌ಎಸ್‌ಎಸ್‌ಎಲ್ ಎಂಬ ಕವಲನ್ನು ಪ್ರಕಟಿಸಿತು. ಕ್ರೋಮ್ ಬ್ರೌಸರ್ ಮತ್ತು ಆಂಡ್ರಾಯ್ಡ್ ಇದನ್ನು ಬಳಸುತ್ತವೆ. ಇವೆರಡೂ ಇಂದಿಗೂ ಮುಂದುವರಿದಿವೆಯಾದರೂ ಲಿನಕ್ಸ್ ವಿತರಣೆಗಳು ಬಹುಮಟ್ಟಿಗೆ ಓಪನ್‌ಎಸ್‌ಎಸ್‌ಎಲ್‌ನಲ್ಲಿಯೇ ಉಳಿದವು.

ನಿರ್ವಹಣಾ ಕ್ರಮದಲ್ಲಿ ಬದಲಾವಣೆ

ಹಣಕ್ಕಿಂತ ಮುಖ್ಯವಾದ ಬದಲಾವಣೆ ದಿನನಿತ್ಯದ ಕೆಲಸದ ರೀತಿಯಲ್ಲಿ ಆಯಿತೆನ್ನಬಹುದು. 2014ರ ಜೂನ್ ಕೊನೆಯಲ್ಲಿ ತಂಡವು ಮುನ್ನೋಟ ದಾಖಲೆಯೊಂದನ್ನು ಪ್ರಕಟಿಸಿ, ತನ್ನ ಕೊರತೆಗಳನ್ನು ತಾನೇ ಪಟ್ಟಿಮಾಡಿತು: ಬಾಕಿ ಬಿದ್ದ ದೋಷ ವರದಿಗಳು, ಅಪೂರ್ಣ ಕೈಪಿಡಿಗಳು, ಜಟಿಲವಾದ ಕೋಡ್, ಏಕರೂಪವಿಲ್ಲದ ಶೈಲಿ, ಪರಿಶೀಲನೆಯ ಕೊರತೆ, ಬಿಡುಗಡೆಯ ಯೋಜನೆಯಿಲ್ಲದಿರುವುದು. ಸಂಸ್ಥೆಯೊಂದು ತನ್ನ ಬಗ್ಗೆ ಹೀಗೆ ಬರೆದುಕೊಳ್ಳುವುದು ಅಪರೂಪ. ಅದೇ ಸೆಪ್ಟೆಂಬರ್‌ನಲ್ಲಿ ಭದ್ರತಾ ನೀತಿಯೂ ಡಿಸೆಂಬರ್‌ನಲ್ಲಿ ಬಿಡುಗಡೆ ನೀತಿಯೂ ಬಂದವು. ತಂಡಕ್ಕೆ ಹೊಸ ಸದಸ್ಯರನ್ನು ಸೇರಿಸಿಕೊಳ್ಳಲಾಯಿತು. ಎಸ್‌ಎಸ್‌ಎಲ್‌ಇಎವೈಯ ಸಹಲೇಖಕ ಟಿಮ್ ಹಡ್ಸನ್ ಹೀಗೆ ಮರಳಿ ಬಂದವರಲ್ಲೊಬ್ಬರು. 2015ರ ಆರಂಭದಲ್ಲಿ ಇಡೀ ಕೋಡನ್ನು ಒಂದೇ ಶೈಲಿಗೆ ತರಲಾಯಿತು. ಯಾವ ಬದಲಾವಣೆಯನ್ನೂ ಬರೆದವರೇ ನೇರವಾಗಿ ಸೇರಿಸುವಂತಿಲ್ಲ, ಬೇರೆಯವರ ಒಪ್ಪಿಗೆ ಕಡ್ಡಾಯ ಎಂಬ ನಿಯಮ ಜಾರಿಯಾಯಿತು.

ದೋಷವನ್ನು ಹುಡುಕುವ ಯಂತ್ರಗಳೂ ಬಂದವು. ತಂತ್ರಾಂಶಕ್ಕೆ ಅಡ್ಡಾದಿಡ್ಡಿ ದತ್ತಾಂಶವನ್ನು ಎಡೆಬಿಡದೆ ಉಣಿಸಿ, ಅದು ಎಲ್ಲಿ ಮುಗ್ಗರಿಸುತ್ತದೆಂದು ನೋಡುವ ವಿಧಾನಕ್ಕೆ ‘ಫಝಿಂಗ್’ ಎನ್ನುತ್ತಾರೆ. ಗೂಗಲ್ 2016ರಲ್ಲಿ ಆರಂಭಿಸಿದ ಒಎಸ್‌ಎಸ್-ಫಝ್ ಸೇವೆಯು ಓಪನ್‌ಎಸ್‌ಎಸ್‌ಎಲ್ ಅನ್ನು ಹೀಗೆ ಪರೀಕ್ಷಿಸುತ್ತದೆ. ಹೊರಗಿನ ತಜ್ಞ ಸಂಸ್ಥೆಗಳಿಂದ ಕೋಡ್ ತಪಾಸಣೆಯನ್ನೂ ಮಾಡಿಸಲಾಗಿದೆ.

ಕೋರ್ ಇನ್‌ಫ್ರಾಸ್ಟ್ರಕ್ಚರ್ ಇನಿಶಿಯೇಟಿವ್ 2016ರಲ್ಲಿ ಉತ್ತಮ ನಿರ್ವಹಣಾ ರೂಢಿಗಳಿಗೆ ಒಂದು ಬಿರುದುಮುದ್ರೆಯನ್ನು ಆರಂಭಿಸಿತು. ದೋಷ ವರದಿಗೆ ಉತ್ತರ ಕೊಡುತ್ತಾರೆಯೇ, ಸ್ವಯಂಚಾಲಿತ ಪರೀಕ್ಷೆಗಳಿವೆಯೇ, ಭದ್ರತಾ ದೋಷವನ್ನು ಗುಟ್ಟಾಗಿ ತಿಳಿಸಲು ದಾರಿಯಿದೆಯೇ ಎಂಬಂತಹ ಪ್ರಶ್ನೆಗಳು ಅದರಲ್ಲಿವೆ. ಅವರ ವಿಶ್ಲೇಷಣೆಯಂತೆ ಹಾರ್ಟ್‌ಬ್ಲೀಡ್‌ಗೆ ಮುಂಚಿನ ಓಪನ್‌ಎಸ್‌ಎಸ್‌ಎಲ್ ಈ ಮಾನದಂಡಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚಿನವುಗಳಲ್ಲಿ ಅನುತ್ತೀರ್ಣವಾಗುತ್ತಿತ್ತು. ಸುಧಾರಣೆಗಳ ನಂತರ ಅದು ಉತ್ತೀರ್ಣವಾಯಿತು.

ಪರವಾನಗಿಯನ್ನು ಬದಲಿಸುವ ಕೆಲಸ ಬಹಳ ಕಾಲ ಹಿಡಿಯಿತು. ಹಳೆಯ ಪರವಾನಗಿಯಲ್ಲಿ ಜಾಹೀರಾತುಗಳಲ್ಲಿ ಕೃತಜ್ಞತೆ ಸೂಚಿಸಬೇಕೆಂಬ ಷರತ್ತಿತ್ತು. ಅದು ಜಿಪಿಎಲ್ ಪರವಾನಗಿಯೊಂದಿಗೆ ಹೊಂದುತ್ತಿರಲಿಲ್ಲ. ಅಪಾಚೆ 2.0 ಪರವಾನಗಿಗೆ ಹೋಗಲು 2017ರಲ್ಲಿ ಸುಮಾರು 400 ಕೊಡುಗೆದಾರರ ಒಪ್ಪಿಗೆಯನ್ನು ಕೇಳಲಾಯಿತು. ಬದಲಾವಣೆ ಪೂರ್ಣಗೊಂಡದ್ದು 3.0 ಆವೃತ್ತಿಯೊಂದಿಗೆ.

3.0 ಮತ್ತು ನಂತರದ ಆವೃತ್ತಿಗಳು

2018ರ ಸೆಪ್ಟೆಂಬರ್ 11ರಂದು ಬಂದ 1.1.1 ಆವೃತ್ತಿಯು ಟಿಎಲ್‌ಎಸ್ 1.3 ಅನ್ನು ತಂದಿತು. ಮುಂದಿನ ಪ್ರಮುಖ ಆವೃತ್ತಿಗೆ ಮೂರು ವರ್ಷ ಬೇಕಾಯಿತು. 2021ರ ಸೆಪ್ಟೆಂಬರ್ 7ರಂದು ಬಿಡುಗಡೆಯಾದುದರ ಸಂಖ್ಯೆ 3.0, 2.0 ಎಂಬ ಸಂಖ್ಯೆ ಎಫ್‌ಐಪಿಎಸ್ ಘಟಕಕ್ಕೆ ಬಳಕೆಯಾಗಿದ್ದುದರಿಂದ ಅದನ್ನು ಬಿಡಲಾಯಿತು. ಕ್ರಮವಿಧಿಗಳನ್ನು ‘ಪ್ರೊವೈಡರ್’ ಎಂಬ ಪ್ರತ್ಯೇಕ ಘಟಕಗಳಿಗೆ ಸರಿಸಿದ್ದು ಇದರ ವೈಶಿಷ್ಟ್ಯ. ಈ ಹೊಸ ರಚನೆಯಿಂದಾಗಿ ಒಂದೇ ಕಾಲಕ್ಕೆ ಅನೇಕ ಎಳೆಗಳಲ್ಲಿ ಕೆಲಸ ಮಾಡುವ ಸರ್ವರ್‌ಗಳು ನಿಧಾನವಾದವೆಂಬ ದೂರುಗಳು ಬಂದವು. ಮುಂದಿನ ಆವೃತ್ತಿಗಳಲ್ಲಿ ವೇಗವನ್ನು ಸುಧಾರಿಸುವ ಕೆಲಸ ನಡೆಯಿತಾದರೂ ದೂರು ಪೂರ್ತಿ ನಿಂತಿಲ್ಲ.

2022ರ ಅಕ್ಟೋಬರ್ 25ರಂದು, ಒಂದು ವಾರದ ನಂತರ ‘ಅತಿ ಗಂಭೀರ’ ದರ್ಜೆಯ ದೋಷಕ್ಕೆ ಪರಿಹಾರ ಬಿಡುಗಡೆಯಾಗಲಿದೆಯೆಂದು ತಂಡವು ಮುಂಚಿತವಾಗಿ ತಿಳಿಸಿತು. ಮತ್ತೊಂದು ಹಾರ್ಟ್‌ಬ್ಲೀಡ್ ಬಂದಿತೆಂಬ ಆತಂಕ ಹರಡಿತು. ನವೆಂಬರ್ 1ರಂದು 3.0.7 ಆವೃತ್ತಿ ಹೊರಬಂದಾಗ ಅದರ ದರ್ಜೆಯನ್ನು ‘ಗಂಭೀರ’ ಎಂದು ಇಳಿಸಲಾಯಿತು. ಪ್ರಮಾಣಪತ್ರದಲ್ಲಿನ ಮಿಂಚಂಚೆ ವಿಳಾಸವನ್ನು ಓದುವ, 3.0ಗಾಗಿ ಹೊಸದಾಗಿ ಬರೆದ ಕೋಡಿನಲ್ಲಿ ಈ ದೋಷಗಳಿದ್ದವು, 1.1.1ರಲ್ಲಿ ಇರಲಿಲ್ಲ. ಮುನ್ಸೂಚನೆಯಿಂದ ಅನಗತ್ಯ ಗಾಬರಿಯಾಯಿತೆಂದು ಟೀಕೆ ಬಂದರೂ, 2014ಕ್ಕೆ ಹೋಲಿಸಿದರೆ ವ್ಯತ್ಯಾಸ ಗಮನಾರ್ಹ. ಈ ಬಾರಿ ಪ್ರಕಟಿತ ನೀತಿಯಿತ್ತು, ದಿನಾಂಕವಿತ್ತು, ಸಂಸ್ಥೆಗಳು ಸಿಬ್ಬಂದಿಯನ್ನು ಸಿದ್ಧವಾಗಿಟ್ಟುಕೊಳ್ಳಲು ಒಂದು ವಾರವಿತ್ತು.

ಹೊಸ ಕ್ವಿಕ್ ಪ್ರೋಟೋಕಾಲ್‌ನ ವಿಷಯದಲ್ಲಿ ಯೋಜನೆಯ ನಿರ್ಧಾರ ವಿವಾದಕ್ಕೊಳಗಾಯಿತು. ಇತರರು ಬರೆದ ಕ್ವಿಕ್ ಲೈಬ್ರರಿಗಳಿಗೆ ಸಂಪರ್ಕದ ವ್ಯವಸ್ಥೆಯನ್ನಷ್ಟೇ ಒದಗಿಸಿ ಎಂಬ ಕೋರಿಕೆಯನ್ನು ಬದಿಗಿಟ್ಟು ಅದು ತನ್ನದೇ ಪೂರ್ಣ ಕ್ವಿಕ್ ರಚನೆಗೆ ಹೊರಟಿತು. ಬೇಸತ್ತ ಅಕಮಾಯ್ ಮತ್ತು ಮೈಕ್ರೋಸಾಫ್ಟ್‌ನ ಅಭಿವರ್ಧಕರು ‘ಕ್ವಿಕ್‌ಟಿಎಲ್‌ಎಸ್’ ಎಂಬ ಕವಲನ್ನು ನಡೆಸಿದರು. ಇತರ ಲೈಬ್ರರಿಗಳಿಗೆ ಬೇಕಾದ ಸಂಪರ್ಕ ವ್ಯವಸ್ಥೆಯೂ ಸರ್ವರ್ ಬದಿಯ ಕ್ವಿಕ್ ಬೆಂಬಲವೂ ಬಂದುದು 2025ರ ಏಪ್ರಿಲ್‌ನ 3.5 ಆವೃತ್ತಿಯಲ್ಲಿ. ಕ್ವಾಂಟಂ ಗಣಕಗಳ ದಾಳಿಯನ್ನು ತಡೆಯಲು ರೂಪಿಸಿದ ಎಂಎಲ್-ಕೆಇಎಂ, ಎಂಎಲ್-ಡಿಎಸ್‌ಎ ಮತ್ತು ಎಸ್‌ಎಲ್‌ಎಚ್-ಡಿಎಸ್‌ಎ ಕ್ರಮವಿಧಿಗಳೂ ಅದೇ ಆವೃತ್ತಿಯಲ್ಲಿ ಸೇರಿದವು.

ಆಡಳಿತ

2024ರಲ್ಲಿ ಯೋಜನೆಯ ಆಡಳಿತವನ್ನು ಪುನರ್‌ರಚಿಸಿ ಎರಡು ಸಮಾನ ಸಂಸ್ಥೆಗಳಿಗೆ ವಹಿಸಲಾಯಿತು. ಓಪನ್‌ಎಸ್‌ಎಸ್‌ಎಲ್ ಫೌಂಡೇಶನ್ ವಾಣಿಜ್ಯೇತರ ಬಳಕೆದಾರ ಸಮುದಾಯಗಳನ್ನೂ, ಓಪನ್‌ಎಸ್‌ಎಸ್‌ಎಲ್ ಕಾರ್ಪೊರೇಶನ್ ವಾಣಿಜ್ಯ ಬಳಕೆದಾರರನ್ನೂ ಪ್ರತಿನಿಧಿಸುತ್ತದೆ. ಬೆಂಬಲದ ಅವಧಿ ಮುಗಿದ ಆವೃತ್ತಿಗಳಿಗೂ ಭದ್ರತಾ ಪರಿಹಾರ ಬೇಕೆನ್ನುವ ಕಂಪನಿಗಳು ಹಣ ತೆತ್ತು ಪಡೆಯುತ್ತವೆ. ಈ ಗುತ್ತಿಗೆಗಳು ನಿರ್ವಾಹಕರ ವೇತನಕ್ಕೆ ಒಂದು ಆಧಾರ. ಹಳೆಯ ಆವೃತ್ತಿಯನ್ನು ಬಿಡಲಾಗದ ಗ್ರಾಹಕರಿಂದ ಹೊಸ ಆವೃತ್ತಿಯ ಖರ್ಚು ಹುಟ್ಟುವ ಈ ಏರ್ಪಾಡು ವಿಚಿತ್ರವಾಗಿ ಕಂಡರೂ, ವರ್ಷಕ್ಕೆ 2,000 ಡಾಲರ್ ದೇಣಿಗೆಯ ಕಾಲಕ್ಕಿಂತ ಗಟ್ಟಿಯಾದುದು.

ಇತರ ಯೋಜನೆಗಳಲ್ಲಿ

ಇದೇ ಸಮಸ್ಯೆ ಬೇರೆಡೆಯೂ ಕಂಡುಬಂದಿದೆ. ಮಿಂಚಂಚೆಯ ಗೂಢಲಿಪೀಕರಣಕ್ಕೆ ಬಳಸುವ ಗ್ನುಪಿಜಿಯನ್ನು ಜರ್ಮನಿಯ ವರ್ನರ್ ಕಾಖ್ ಬಹುಕಾಲ ಬಹುತೇಕ ಒಬ್ಬರೇ ನಡೆಸುತ್ತಿದ್ದರು. 2015ರಲ್ಲಿ ಅವರ ಹಣದ ಮುಗ್ಗಟ್ಟು ಸುದ್ದಿಯಾದ ಮೇಲೆ ಫೇಸ್‌ಬುಕ್ ಮತ್ತು ಸ್ಟ್ರೈಪ್ ವರ್ಷಕ್ಕೆ ತಲಾ 50,000 ಡಾಲರ್ ಕೊಡಲು ಮುಂದೆ ಬಂದವು.

2024ರ ಮಾರ್ಚ್ 29ರಂದು ಬಯಲಾದ ಎಕ್ಸ್‌ಝಡ್ ಯುಟಿಲ್ಸ್ ಪ್ರಕರಣದಲ್ಲಿ ನಿರ್ವಾಹಕರ ದಣಿವೇ ದಾಳಿಯ ಬಾಗಿಲಾಯಿತು. ಒಬ್ಬರೇ ನೋಡಿಕೊಳ್ಳುತ್ತಿದ್ದ ಆ ಯೋಜನೆಗೆ ‘ಜಿಯಾ ತಾನ್’ ಎಂಬ ಹೆಸರಿನಲ್ಲಿ ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ನೆರವು ನೀಡಿ, ವಿಶ್ವಾಸ ಗಳಿಸಿ, ಸಹನಿರ್ವಾಹಕರಾಗಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲನ್ನು ಇರಿಸಿದರು. ಆ ಹಿಂಬಾಗಿಲು ಎಸ್‌ಎಸ್‌ಎಚ್ ಸರ್ವರ್‌ನೊಳಗೆ ಸೇರಿ ತನ್ನತ್ತ ತಿರುಗಿಸಿಕೊಳ್ಳುತ್ತಿದ್ದುದು ಓಪನ್‌ಎಸ್‌ಎಸ್‌ಎಲ್‌ನ ಲಿಬ್‌ಕ್ರಿಪ್ಟೊದಲ್ಲಿರುವ ಆರ್‌ಎಸ್‌ಎ ಫಂಕ್ಷನ್ ಒಂದನ್ನು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ದೋಷವಿರಲಿಲ್ಲ, ಪಕ್ಕದ ಮನೆಯ ಗೋಡೆ ಕೊರೆದು ಬಂದಂತಾಗಿತ್ತು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ನಿಧಾನವಾದುದನ್ನು ಗಮನಿಸಿದ ಆಂದ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರಿಂದ ಅದು ಪತ್ತೆಯಾಯಿತು.

ನಿರ್ವಹಣೆಗೆ ಹಣ ಒದಗಿಸುವ ಪ್ರಯತ್ನಗಳಲ್ಲಿ ಲಿನಕ್ಸ್ ಫೌಂಡೇಶನ್ 2020ರಲ್ಲಿ ರೂಪಿಸಿದ ಓಪನ್ ಸೋರ್ಸ್ ಸೆಕ್ಯೂರಿಟಿ ಫೌಂಡೇಶನ್ ಮತ್ತು ಜರ್ಮನಿಯ ಸರ್ಕಾರಿ ಬೆಂಬಲದ ಸಾವ್‌ರಿನ್ ಟೆಕ್ ಫಂಡ್ ಸೇರಿವೆ. ಭಾರತದಲ್ಲಿ, ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರಿನ ‘ಫ್ಲಾಸ್/ಫಂಡ್’ ಅನ್ನು ಘೋಷಿಸಿತು. ಜಗತ್ತಿನ ಯಾವುದೇ ಮುಕ್ತ ತಂತ್ರಾಂಶ ಯೋಜನೆ ಇದಕ್ಕೆ ಅರ್ಜಿ ಸಲ್ಲಿಸಬಹುದು.

ಬೆಂಬಲದ ಅವಧಿ

ಪ್ರತಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಹೊಸ ಆವೃತ್ತಿ ಬಿಡುಗಡೆ ಮಾಡುವ ಕ್ರಮವನ್ನು ಓಪನ್‌ಎಸ್‌ಎಸ್‌ಎಲ್ ಈಗ ಅನುಸರಿಸುತ್ತದೆ. 1.0.2ರ ಸಾರ್ವಜನಿಕ ಬೆಂಬಲ 2019ರ ಡಿಸೆಂಬರ್ 31ಕ್ಕೂ, 1.1.1ರದು 2023ರ ಸೆಪ್ಟೆಂಬರ್ 11ಕ್ಕೂ ಮುಗಿಯಿತು. ದೀರ್ಘಾವಧಿ ಬೆಂಬಲದ ಆವೃತ್ತಿಗಳಾದ 3.0ಕ್ಕೆ 2026ರ ಸೆಪ್ಟೆಂಬರ್ 7ರವರೆಗೆ ಹಾಗೂ 3.5ಕ್ಕೆ 2030ರ ಏಪ್ರಿಲ್ 8ರವರೆಗೆ ಅವಧಿ ನಿಗದಿಯಾಗಿದೆ.

ಗಣಕದಲ್ಲಿ ಸ್ಥಾಪಿತವಾಗಿರುವ ಆವೃತ್ತಿಯನ್ನು ಆದೇಶಸಾಲಿನಲ್ಲಿ ಟೂಲ್‌ಕಿಟ್‌ನ ಹೆಸರಿನ ಮುಂದೆ ‘ವರ್ಶನ್’ ಎಂಬ ಉಪಾದೇಶ ನೀಡಿ ತಿಳಿಯಬಹುದು. ಆದರೆ ಆ ಸಂಖ್ಯೆಯನ್ನು ಮಾತ್ರ ನೋಡಿ ಸುರಕ್ಷತೆಯನ್ನು ನಿರ್ಣಯಿಸಲಾಗದು. ಲಿನಕ್ಸ್ ವಿತರಣೆಗಳು ಮೂಲ ಯೋಜನೆಯ ಬೆಂಬಲ ಮುಗಿದ ಮೇಲೂ ಭದ್ರತಾ ಪರಿಹಾರಗಳನ್ನು ಹಳೆಯ ಆವೃತ್ತಿಗೆ ತಾವೇ ಅಳವಡಿಸುವುದುಂಟು. ಆಗ ಸಂಖ್ಯೆ ಬದಲಾಗುವುದಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7 ಹೀಗೆ 2024ರವರೆಗೂ 1.0.2ಕೆ ಎಂಬ ಸಂಖ್ಯೆಯನ್ನೇ ತೋರಿಸುತ್ತಿತ್ತು. ಇಂತಹ ಕಡೆ ವಿತರಣೆಯವರು ಪ್ಯಾಕೇಜಿಗೆ ಕೊಟ್ಟ ಪರಿಷ್ಕರಣ ಸಂಖ್ಯೆಯನ್ನು ಅವರ ಭದ್ರತಾ ಪ್ರಕಟಣೆಯೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ.